ಅಳೆದು ಅರಿಯೋಣ

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ನುಡಿ. ಕಣ್ಣು ಕಂಡುದನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಹೇಳುವ ಈ ಗಾದೆಯಲ್ಲಿ ವಿಜ್ಞಾನದ ತಿರುಳೇ ಅಡಗಿದೆ. ಆದರೆ ನಿತ್ಯಜೀವನದಲ್ಲಿ ನಾವು ಇದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದ್ದೇವೆ? ಇಂದು ಹಳ್ಳಿಯಿಂದ ಪಟ್ಟಣದವರೆಗೆ ಎಲ್ಲರ ಬಾಯಲ್ಲಿಯೂ ಕೇಳಿಬರುವ ಮಾತೊಂದಿದೆ: “ನೆಟ್‌ವರ್ಕ್ ಸರಿಯಿಲ್ಲ.” ನೋಡುತ್ತಿದ್ದ ಪಾಠ ನಡುವೆ ನಿಂತರೂ ಇದೇ ಮಾತು, ಪಡಿತರದ ಅಂಗಡಿಯಲ್ಲಿ ಬೆರಳಚ್ಚು ದಾಖಲಾಗದಿದ್ದರೂ ಇದೇ ಮಾತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ನಿಜವಾಗಿಯೂ ಡೊಂಕಾಗಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ನಿರ್ಣಯಿಸಬೇಕಾದರೆ ರಸಮಟ್ಟವನ್ನಿಟ್ಟು ನೋಡಬೇಕು. ನಿಸ್ತಂತು ಜಾಲದ ವೇಗವನ್ನು ವಿದ್ಯಾರ್ಥಿಗಳು ತಾವೇ ಅಳೆದು ನೋಡುವುದು ಪ್ರೌಢಶಾಲೆಯ ಪ್ರಯೋಗಗಳಲ್ಲಿ ಒಂದಾಗಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳು ಹಲವು.

ಮೊದಲು ‘ವೇಗ’ ಎಂಬ ಮಾತಿನ ಅರ್ಥವನ್ನು ಬಿಡಿಸಿಕೊಳ್ಳೋಣ. ನಿಸ್ತಂತು ಜಾಲವೆಂದರೆ ತಂತಿಯ ನೆರವಿಲ್ಲದೆ ರೇಡಿಯೋ ಅಲೆಗಳ ಮೂಲಕ ಮಾಹಿತಿಯನ್ನು ಸಾಗಿಸುವ ವ್ಯವಸ್ಥೆ. ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕಾಣುವ ವೈ-ಫೈ ಅದರ ಒಂದು ರೂಪ. ಈ ಅಲೆಗಳು ಬೆಳಕಿನ ಒಡಹುಟ್ಟುಗಳು. ಇಂತಹ ವಿದ್ಯುತ್ಕಾಂತ ಅಲೆಗಳು ಇರಲೇಬೇಕೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ೧೮೬೫ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಗಣಿತದ ಬಲದಿಂದ ತೋರಿಸಿದನು. ಎರಡು ದಶಕಗಳ ಅನಂತರ ಹೈನ್ರಿಚ್ ಹರ್ಟ್ಸ್ ಅವುಗಳನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಿದನು. ೧೮೯೦ರ ದಶಕದಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪುರಭವನದಲ್ಲಿ, ಗೋಡೆಗಳನ್ನು ಹಾಯ್ದು ಹೋದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಈ ಅಲೆಗಳೆಲ್ಲವೂ ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ದೂರ ಕ್ರಮಿಸುತ್ತವೆ. ೧೦ ಮೀಟರ್ ಉದ್ದದ ಕೊಠಡಿಯನ್ನು ದಾಟಲು ಅವುಗಳಿಗೆ ಒಂದು ಸೆಕೆಂಡಿನ ೩ ಕೋಟಿ ಭಾಗಗಳಲ್ಲಿ ಒಂದು ಭಾಗದಷ್ಟು ಕಾಲ ಸಾಕು. ಹೀಗಿರುವಾಗ “ಈ ಮೂಲೆಯಲ್ಲಿ ನೆಟ್‌ವರ್ಕ್ ನಿಧಾನ” ಎಂದರೆ ಏನರ್ಥ? ಅಲೆ ಅಲ್ಲಿ ಕುಂಟುತ್ತಾ ಬರುತ್ತದೆಯೆ?

ಖಂಡಿತ ಇಲ್ಲ. ಕಾಲುವೆಯಲ್ಲಿ ನೀರು ಎಷ್ಟು ರಭಸದಿಂದ ಹರಿಯುತ್ತಿದೆ ಎಂಬುದು ಒಂದು ಪ್ರಶ್ನೆ; ಒಂದು ಗಂಟೆಯಲ್ಲಿ ಗದ್ದೆಗೆ ಎಷ್ಟು ನೀರು ಬಂತು ಎಂಬುದು ಇನ್ನೊಂದು ಪ್ರಶ್ನೆ. ರೈತನಿಗೆ ಬೇಕಾದುದು ಎರಡನೆಯದರ ಉತ್ತರ. ಜಾಲದ ವೇಗವೆಂದು ನಾವು ಕರೆಯುವುದೂ ಅಂತಹುದೇ. ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಕೆಡದೆ ನಮ್ಮ ಯಂತ್ರವನ್ನು ತಲುಪಿತು ಎಂಬ ಲೆಕ್ಕವೇ ಅದು.

ಈ ಲೆಕ್ಕಕ್ಕೆ ಒಂದು ಮಾನ ಬೇಕಷ್ಟೆ. ಹಿಂದೆ ನಮ್ಮ ನಾಡಿನಲ್ಲಿ ಸೇರು, ಬಳ್ಳ, ಕೊಳಗಗಳು ಬಳಕೆಯಲ್ಲಿದ್ದವು. ಒಂದು ಊರಿನ ಸೇರಿಗೂ ಇನ್ನೊಂದು ಊರಿನ ಸೇರಿಗೂ ಹೊಂದಿಕೆಯಿರಲಿಲ್ಲ; ಸಂತೆಯಲ್ಲಿ ಜಗಳಗಳಿಗೆ ಕೊರತೆಯಿರಲಿಲ್ಲ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯು ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದ ಮೇಲೆ ಆ ಗೊಂದಲ ಕ್ರಮೇಣ ಕಳೆಯಿತು. ಮಾಹಿತಿಯ ಅಳತೆಯಲ್ಲಿಯೂ ಅಂತಹದೇ ಒಂದು ತೊಡಕು ಇಂದಿಗೂ ಇದೆ. ಮಾಹಿತಿಯ ಅತ್ಯಂತ ಕಿರಿಯ ಕಣ ‘ಬಿಟ್’. ಎಂಟು ಬಿಟ್ಟುಗಳು ಸೇರಿದರೆ ಒಂದು ‘ಬೈಟ್’. ಸಂಪರ್ಕವನ್ನು ಮಾರುವವರು ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ; ಗಣಕಯಂತ್ರವು ಕಡತಗಳ ಗಾತ್ರವನ್ನು ಬೈಟುಗಳಲ್ಲಿ ತೋರಿಸುತ್ತದೆ. ಸೆಕೆಂಡಿಗೆ ೪೦ ಮೆಗಾಬಿಟ್ ಎಂದು ಹಣ ತೆತ್ತವನು ತೆರೆಯ ಮೇಲೆ ಸೆಕೆಂಡಿಗೆ ೫ ಮೆಗಾಬೈಟ್ ಎಂದು ಕಂಡರೆ ತಾನು ಮೋಸಹೋದೆನೆಂದು ಭಾವಿಸುವುದು ಸಹಜ. ಆದರೆ ೫ನ್ನು ೮ರಿಂದ ಗುಣಿಸಿದರೆ ೪೦ ಆಗುತ್ತದೆ. ಇಲ್ಲಿ ಮೋಸವೇನೂ ಇಲ್ಲ. ಮಾನವನ್ನು ತಿಳಿಯದವನ ಸಿಟ್ಟು ನ್ಯಾಯವಾದುದಾಗಲಾರದು.

ಇನ್ನು ಅಳೆಯುವ ಬಗೆ. ಇಂದು ಮೊಬೈಲಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ವೇಗದ ಅಂಕಿ ತೆರೆಯ ಮೇಲೆ ಮೂಡುತ್ತದೆ. “ಅಷ್ಟು ಸುಲಭವಾಗಿರುವಾಗ ಪ್ರಯೋಗವೇಕೆ?” ಎಂದು ಯಾರಾದರೂ ಕೇಳಬಹುದು. ಆ ಅಂಕಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಯಾವುದರ ಅಳತೆ? ಮಾಹಿತಿಯು ದೂರದ ಊರಿನ ಯಾವುದೋ ಗಣಕದಿಂದ ಹೊರಟು, ನೂರಾರು ಮೈಲಿ ತಂತಿಗಳಲ್ಲಿ ಹರಿದು, ಶಾಲೆಯ ರೂಟರನ್ನು ಸೇರಿ, ಅಲ್ಲಿಂದ ಗಾಳಿಯಲ್ಲಿ ಕೊನೆಯ ಹತ್ತು ಮೀಟರ್ ಹಾರಿ ಮೊಬೈಲನ್ನು ತಲುಪುತ್ತದೆ. ಗುಂಡಿಯೊತ್ತಿದಾಗ ಬರುವ ಅಂಕಿಯಲ್ಲಿ ಈ ಹಾದಿಯೆಲ್ಲ ಬೆರೆತಿರುತ್ತದೆ. ತಡೆ ಎಲ್ಲಿದೆ ಎಂಬುದನ್ನು ಅದು ಹೇಳಲಾರದು. ಪ್ರಯೋಗವೆಂದರೆ ಬೆರೆತುದನ್ನು ಬೇರ್ಪಡಿಸುವ ಕಲೆ.

ಆ ಬೇರ್ಪಡಿಕೆಗೆ ಬೇಕಾದ ಸಲಕರಣೆ ಸ್ವಲ್ಪವೇ. ಶಾಲೆಯ ಒಂದು ಗಣಕಯಂತ್ರವನ್ನು ತಂತಿಯಿಂದ ರೂಟರಿಗೆ ಜೋಡಿಸಿ, ಅದರಲ್ಲಿ ೧೦೦ ಮೆಗಾಬೈಟ್ ಗಾತ್ರದ ಕಡತವೊಂದನ್ನು ಇಡಬೇಕು. ಒಂದು ಲ್ಯಾಪ್‌ಟಾಪಿಗೆ ಆ ಕಡತವನ್ನು ನಿಸ್ತಂತುವಿನ ಮೂಲಕ ನಕಲು ಮಾಡಿಕೊಳ್ಳಬೇಕು. ತಗಲಿದ ಕಾಲವನ್ನು ನಿಲುಗಡಿಯಾರದಿಂದ ಗುರುತಿಸಬೇಕು. ನೆಲದ ಮೇಲೆ ರೂಟರಿನಿಂದ ೨, ೪, ೮, ೧೬ ಮೀಟರ್ ದೂರದಲ್ಲಿ ಸೀಮೆಸುಣ್ಣದ ಗುರುತುಗಳಿರಲಿ. ೧೦೦ ಮೆಗಾಬೈಟ್ ಎಂದರೆ ೮೦೦ ಮೆಗಾಬಿಟ್. ಅದು ೨೦ ಸೆಕೆಂಡುಗಳಲ್ಲಿ ಬಂದಿತೆಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ ೪೦ ಮೆಗಾಬಿಟ್. ಹಿಂದಿನ ಬೆಂಚಿನ ಬಳಿ ಅದಕ್ಕೇ ೫೦ ಸೆಕೆಂಡುಗಳು ಹಿಡಿದರೆ ವೇಗ ೧೬ ಮೆಗಾಬಿಟ್. ಇದಿಷ್ಟೂ ಭಾಗಾಕಾರ ಬಲ್ಲ ಯಾವ ಬಾಲಕನಾದರೂ ಬಾಲಕಿಯಾದರೂ ಮಾಡಬಹುದಾದ ಲೆಕ್ಕ. ಕಡತವು ದೊಡ್ಡದಾಗಿರಬೇಕೆಂಬುದಕ್ಕೂ ಕಾರಣವುಂಟು. ನಿಲುಗಡಿಯಾರವನ್ನು ಒತ್ತುವ ಕೈ ಅರ್ಧ ಸೆಕೆಂಡು ತಪ್ಪಬಹುದು. ೨೦ ಸೆಕೆಂಡುಗಳಲ್ಲಿ ಅದು ನಲವತ್ತರಲ್ಲಿ ಒಂದು ಪಾಲಿನ ದೋಷ. ೨ ಸೆಕೆಂಡುಗಳಲ್ಲಾದರೆ ನಾಲ್ಕರಲ್ಲಿ ಒಂದು ಪಾಲಿನ ದೋಷ.

ಒಂದೇ ಸಲ ಅಳೆದು ತೃಪ್ತಿಪಡುವುದೂ ಸಲ್ಲದು. ಒಂದೇ ಸ್ಥಳದಲ್ಲಿ ಐದು ಸಲ ಅಳೆದಾಗ ೩೮, ೪೦, ೪೧, ೩೯, ೧೨ ಎಂಬ ಅಂಕಿಗಳು ಬಂದುವೆನ್ನೋಣ. ಇವುಗಳ ಸರಾಸರಿ ೩೪. ಆದರೆ ೩೪ರ ಹತ್ತಿರ ಒಂದು ಅಳತೆಯೂ ಇಲ್ಲ! ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿದರೆ ಸಿಗುವ ಮಧ್ಯಾಂಕ ೩೯. ಅದು ನಿಜಸ್ಥಿತಿಗೆ ಹೆಚ್ಚು ಹತ್ತಿರ. ಹಾಗಾದರೆ ಆ ೧೨ನ್ನು ಅಳಿಸಿಬಿಡೋಣವೆ? ಕೂಡದು. ಅದು ಪುಸ್ತಕದಲ್ಲಿ ಉಳಿಯಲಿ; ಪಕ್ಕದಲ್ಲಿ ಕಾರಣ ಬರೆಯಲಿ. ಆ ಹೊತ್ತಿನಲ್ಲಿ ಯಾರದೋ ಮೊಬೈಲು ತನಗೆ ತಾನೇ ಏನನ್ನೋ ಇಳಿಸಿಕೊಳ್ಳುತ್ತಿದ್ದಿರಬಹುದು. ಇಷ್ಟವಾಗದ ಅಂಕಿಯನ್ನು ಅಳಿಸುವವನು ಸತ್ಯದ ಒಂದು ತುಣುಕನ್ನೇ ಅಳಿಸುತ್ತಾನೆ.

ಇದು ಅತಿಯಾದ ಎಚ್ಚರಿಕೆಯೆಂದು ತೋರಬಹುದು. ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನಲ್ಲಿ ಭಾರತದ ಮಹಾ ಭೂಮಾಪನಕ್ಕೆ ಆಧಾರರೇಖೆಯನ್ನು ಅಳೆದಾಗ ಉಕ್ಕಿನ ಸರಪಳಿಯನ್ನು ಬಳಸಿದನು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಯಷ್ಟೆ. ಆದುದರಿಂದ ಅದನ್ನು ಮರದ ಪೆಟ್ಟಿಗೆಗಳಲ್ಲಿ ನೆರಳಿಗಿಟ್ಟು, ಜೊತೆಯಲ್ಲಿ ಉಷ್ಣಮಾಪಕಗಳನ್ನಿರಿಸಿ, ಶಾಖಕ್ಕೆ ತಕ್ಕಂತೆ ಉದ್ದವನ್ನು ತಿದ್ದಿಕೊಂಡನು. ಇದಕ್ಕೆ ಎರಡು ವರ್ಷ ಮೊದಲು, ೧೮೦೦ರಲ್ಲಿ, ನಮ್ಮ ಬೆಂಗಳೂರಿನ ಬಳಿಯಲ್ಲಿಯೂ ಅವನು ಒಂದು ಆಧಾರರೇಖೆಯನ್ನು ಅಳೆದಿದ್ದನು. ಒಂದು ಅಂಗುಲ ತಪ್ಪಿದರೆ ಏನಾದೀತೆಂದು ಅವನು ಉಪೇಕ್ಷಿಸಿದ್ದರೆ ಆ ತಪ್ಪು ಮುಂದೆ ದೇಶದುದ್ದಕ್ಕೂ ಬೆಳೆಯುತ್ತಾ ಹೋಗುತ್ತಿತ್ತು. ಅಳತೆಗಾರನ ಶೀಲವು ಇಂತಹ ಸಣ್ಣ ಎಚ್ಚರಗಳಲ್ಲಿ ಕಾಣಿಸುತ್ತದೆ.

ಅಳತೆಗಳು ಕೈಗೆ ಬಂದ ಮೇಲೆ ‘ಏಕೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ದೂರ ಹೆಚ್ಚಿದಂತೆ ವೇಗ ಕುಗ್ಗುವುದೇಕೆ? ಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಲ ಕುಗ್ಗಿದಾಗ ಸುತ್ತಲಿನ ಗದ್ದಲ ಮೇಲಾಗುತ್ತದೆ. ಉಕ್ತಲೇಖನ ಬರೆಸುವ ಉಪಾಧ್ಯಾಯರು ತರಗತಿ ಶಾಂತವಾಗಿದ್ದಾಗ ಸರಾಗವಾಗಿ ಓದುತ್ತಾರೆ. ಗಲಾಟೆ ಹೆಚ್ಚಿದಾಗ ಒಂದೊಂದೇ ಪದವನ್ನು ಬಿಡಿಸಿ ನಿಧಾನವಾಗಿ ಹೇಳುತ್ತಾರೆ. ಕೇಳದಿದ್ದವರಿಗಾಗಿ ಮತ್ತೊಮ್ಮೆ ಹೇಳುತ್ತಾರೆ. ರೂಟರು ಮಾಡುವುದೂ ಇದನ್ನೇ. ಒಂದು ಮಾರ್ಗದಲ್ಲಿ ತಪ್ಪಿಲ್ಲದೆ ಎಷ್ಟು ಮಾಹಿತಿಯನ್ನು ಸಾಗಿಸಬಹುದೆಂಬುದು ಆ ಮಾರ್ಗದ ಅಗಲವನ್ನೂ, ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿದೆಯೆಂದು ಕ್ಲಾಡ್ ಶಾನನ್ ೧೯೪೮ರಲ್ಲಿ ಸಿದ್ಧಪಡಿಸಿ ತೋರಿಸಿದನು. ಕೊಠಡಿಯ ಹಿಂದಿನ ಬೆಂಚಿನಲ್ಲಿ ನೀವು ಬರೆದುಕೊಂಡ ೧೬ ಎಂಬ ಅಂಕಿಗೆ ಆಧಾರವಾಗಿರುವುದು ಆ ನಿಯಮವೇ.

ಮುಂದೆ ದೂರವನ್ನು ಬದಲಿಸದೆ ನಡುವೆ ಒಂದೊಂದಾಗಿ ಅಡ್ಡಿಗಳನ್ನಿಟ್ಟು ನೋಡಬಹುದು. ತೆಳುವಾದ ಹಲಗೆಯಿಂದ ಆಗುವ ವ್ಯತ್ಯಾಸ ಅಲ್ಪ. ದಪ್ಪ ಗೋಡೆಯಿಂದ ಹೆಚ್ಚು. ಉಕ್ಕಿನ ಬೀರು ಅಲೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ನೀರು ತುಂಬಿದ ಪೀಪಾಯಿ ಅಲೆಯನ್ನು ಹೀರುತ್ತದೆ. ಮನುಷ್ಯನ ದೇಹದಲ್ಲಿ ಬಹುಪಾಲು ನೀರೇ ಇರುವುದರಿಂದ ಸಹಪಾಠಿಗಳು ಸಾಲಾಗಿ ಅಡ್ಡ ನಿಂತರೂ ಅಲೆ ದುರ್ಬಲವಾಗುತ್ತದೆ. ವೈ-ಫೈ ಹೆಚ್ಚಾಗಿ ಬಳಸುವ ಅಲೆಗಳಲ್ಲಿ ಸೆಕೆಂಡಿಗೆ ಸುಮಾರು ೨೪೦ ಕೋಟಿ ಕಂಪನಗಳುಳ್ಳವು ಒಂದು ಬಗೆ, ೫೦೦ ಕೋಟಿಗಿಂತ ಹೆಚ್ಚಿನವು ಇನ್ನೊಂದು ಬಗೆ. ಮೊದಲನೆಯದರ ತರಂಗದೂರ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅದು ಗೋಡೆಗಳನ್ನು ಸುಲಭವಾಗಿ ದಾಟುತ್ತದೆ. ಎರಡನೆಯದು ಹೆಚ್ಚು ಮಾಹಿತಿಯನ್ನು ಹೊರಬಲ್ಲದು, ಆದರೆ ಗೋಡೆಯೆದುರು ಬೇಗ ಸೋಲುತ್ತದೆ. ಗೋಡೆಗಳಿಂದ ಪುಟಿದು ಬಂದ ಅಲೆಗಳು ಒಂದೆಡೆ ಕೂಡಿ ಬಲಗೊಳ್ಳುತ್ತವೆ, ಇನ್ನೊಂದೆಡೆ ಒಂದನ್ನೊಂದು ಅಳಿಸುತ್ತವೆ. ಆದ್ದರಿಂದಲೇ ಲ್ಯಾಪ್‌ಟಾಪನ್ನು ಕೆಲವೇ ಬೆರಳುಗಳಷ್ಟು ಸರಿಸಿದರೂ ಅಂಕಿ ಬದಲಾಗುವುದುಂಟು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮದ ಬೆಲೆ ಇಲ್ಲಿ ಅರ್ಥವಾಗುತ್ತದೆ. ದೂರವನ್ನೂ ಗೋಡೆಯನ್ನೂ ಒಟ್ಟಿಗೆ ಬದಲಿಸಿದವನಿಗೆ ತಪ್ಪು ಯಾವುದರದೆಂದು ಹೇಳಲು ಬಾಯಿಯಿರುವುದಿಲ್ಲ.

ಕೆಲವೊಮ್ಮೆ ಅಳತೆಯು ಒಗಟನ್ನೂ ಮುಂದಿಡುತ್ತದೆ. ಎರಡು ಮೀಟರ್, ನಾಲ್ಕು ಮೀಟರ್ ಎರಡೂ ಕಡೆ ವೇಗ ೯೦ರ ಆಸುಪಾಸಿನಲ್ಲಿಯೇ ನಿಂತಿತೆನ್ನಿ. ದೂರಕ್ಕೆ ಪರಿಣಾಮವೇ ಇಲ್ಲವೆ? ಅವಸರಪಟ್ಟು ಹಾಗೆ ತೀರ್ಮಾನಿಸಬಾರದು. ಅಗ್ಗದ ರೂಟರುಗಳಲ್ಲಿ ತಂತಿಯನ್ನು ಜೋಡಿಸುವ ಕಂಡಿಯ ಮಿತಿ ಹಲವು ವೇಳೆ ಸೆಕೆಂಡಿಗೆ ೧೦೦ ಮೆಗಾಬಿಟ್. ಗಾಳಿಯಲ್ಲಿ ಇನ್ನೂ ಹೆಚ್ಚು ಹರಿಯಬಹುದಾದರೂ ತಂತಿಯೇ ಅದನ್ನು ತಡೆದಿರುತ್ತದೆ. ಕಾಲುವೆ ಎಷ್ಟೇ ಅಗಲವಾಗಿದ್ದರೂ ತೂಬು ಕಿರಿದಾಗಿದ್ದರೆ ನೀರು ತೂಬಿನಷ್ಟೇ ಅಲ್ಲವೆ?

ಪೆಟ್ಟಿಗೆಯ ಮೇಲೆ ಬರೆದ ಅಂಕಿಗೂ ಕೈಗೆ ಬಂದ ಅಂಕಿಗೂ ನಡುವೆ ಅಂತರವಿರುವುದೂ ಈ ಪ್ರಯೋಗದಿಂದ ತಿಳಿಯುತ್ತದೆ. ೨೦೦೩ರಲ್ಲಿ ರೂಪುಗೊಂಡ ವೈ-ಫೈ ಮಾದರಿಯೊಂದರ ಘೋಷಿತ ವೇಗ ೫೪ ಮೆಗಾಬಿಟ್ ಆಗಿತ್ತು. ಬಳಸುವವರಿಗೆ ದಕ್ಕುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದ ಕಾಲವೆಲ್ಲ ಸರದಿಗಾಗಿ ಕಾಯುವುದರಲ್ಲಿಯೂ, ‘ತಲುಪಿತು’ ಎಂದು ಒಪ್ಪಿಗೆ ಕಳುಹಿಸುವುದರಲ್ಲಿಯೂ ಕಳೆಯುತ್ತಿತ್ತು. ಗಾಳಿ ಎಲ್ಲರಿಗೂ ಸೇರಿದ ಸೊತ್ತು. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ಗಣಕಗಳನ್ನು ರೇಡಿಯೋ ಅಲೆಗಳಿಂದ ಬೆಸೆದ ‘ಅಲೋಹಾ’ ಜಾಲವನ್ನು ಕಟ್ಟಿದರು. ಅಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳುಹಿಸಬಹುದಿತ್ತು. ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕಳುಹಿಸಬೇಕಾಗಿತ್ತು. ಇಂತಹ ಏರ್ಪಾಟಿನಲ್ಲಿ ಮಾರ್ಗದ ಶಕ್ತಿಯ ಶೇಕಡ ೧೮ರಷ್ಟು ಮಾತ್ರವೇ ಸಾರ್ಥಕವಾಗಬಲ್ಲದೆಂದು ಗಣಿತ ತೋರಿಸಿತು. ಮಾತನಾಡುವ ಮೊದಲು ಕಿವಿಗೊಟ್ಟು ಕೇಳಬೇಕೆಂಬ ನಿಯಮವನ್ನು ಅನಂತರದ ಜಾಲಗಳು ಅಳವಡಿಸಿಕೊಂಡವು. ಇನ್ನೊಂದು ಸೋಜಿಗವಿದೆ. ದೂರದ ಮೂಲೆಯಲ್ಲಿರುವ ನಿಧಾನವಾದ ಯಂತ್ರವು ತನ್ನ ಸರದಿಯಲ್ಲಿ ಹೆಚ್ಚು ಕಾಲ ಗಾಳಿಯನ್ನು ಹಿಡಿದಿರುವುದರಿಂದ, ಹಲವು ಜಾಲಗಳಲ್ಲಿ ಹತ್ತಿರದ ಚುರುಕಾದ ಯಂತ್ರವೂ ನಿಧಾನವಾಗುತ್ತದೆ. ಬಾವಿಕಟ್ಟೆಯಲ್ಲಿ ಒಬ್ಬರ ಹಗ್ಗ ಸಿಕ್ಕಿಕೊಂಡರೆ ಸಾಲಿನಲ್ಲಿರುವವರೆಲ್ಲರೂ ಕಾಯಬೇಕಾಗುವಂತೆ.

ಈ ಪ್ರಯೋಗವನ್ನು ನಾನು ಎತ್ತಿಹಿಡಿಯುವುದಕ್ಕೆ ಮುಖ್ಯ ಕಾರಣ ಇನ್ನೊಂದಿದೆ. ನಮ್ಮ ಶಾಲೆಗಳಲ್ಲಿ ನಡೆಯುವ ಬಹುಪಾಲು ಪ್ರಯೋಗಗಳ ಉತ್ತರ ಮೊದಲೇ ಗೊತ್ತಿರುತ್ತದೆ. ಸರಳ ಲೋಲಕವನ್ನು ತೂಗಿಸುವ ಮೊದಲೇ ಗುರುತ್ವ ವೇಗೋತ್ಕರ್ಷ ೯.೮ ಬರಬೇಕೆಂದು ಹುಡುಗರಿಗೆ ತಿಳಿದಿರುತ್ತದೆ. ಬಾರದಿದ್ದರೆ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೊಂದಿಸುವವರೂ, ಹಿರಿಯ ವಿದ್ಯಾರ್ಥಿಗಳ ದಾಖಲೆ ಪುಸ್ತಕವನ್ನು ನಕಲು ಮಾಡುವವರೂ ಇಲ್ಲದಿಲ್ಲ. ಆದರೆ ನಿಮ್ಮ ಶಾಲೆಯ ಗ್ರಂಥಾಲಯದ ಮೂಲೆಯಲ್ಲಿ ಮಧ್ಯಾಹ್ನ ೧೨ ಗಂಟೆಗೆ ವೇಗವೆಷ್ಟು ಎಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಉತ್ತರವಿಲ್ಲ. ಉಪಾಧ್ಯಾಯರಿಗೂ ಅದು ಗೊತ್ತಿಲ್ಲ. ಅಳೆದವರಿಗೆ ಮಾತ್ರ ಗೊತ್ತು. ಉತ್ತರ ತಿಳಿಯದ ಪ್ರಶ್ನೆಯೆದುರು ಪ್ರಾಮಾಣಿಕನಾಗಿರುವುದನ್ನು ಕಲಿತವನು ವಿಜ್ಞಾನವನ್ನು ನಿಜವಾಗಿ ಕಲಿತವನು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಮಕ್ಕಳ ಕೈಗೆ ಮೊಬೈಲು ಕೊಟ್ಟರೆ ಓದು ಕೆಡುತ್ತದೆಯೆಂದು ಪೋಷಕರು ಅಂಜುತ್ತಾರೆ. ಆ ಅಂಜಿಕೆ ನ್ಯಾಯವಾದುದೇ. ಆದರೆ ಈ ಪ್ರಯೋಗಕ್ಕೆ ಪ್ರತಿಯೊಬ್ಬನಿಗೂ ಒಂದೊಂದು ಮೊಬೈಲು ಬೇಕಾಗಿಲ್ಲ. ಉಪಾಧ್ಯಾಯರ ಕಣ್ಣೆದುರಿನಲ್ಲಿ ಇಡೀ ತರಗತಿಗೆ ಒಂದು ಲ್ಯಾಪ್‌ಟಾಪು ಸಾಕು. ಒಬ್ಬರು ಅಳೆಯಲಿ, ಒಬ್ಬರು ಕಾಲ ನೋಡಲಿ, ಒಬ್ಬರು ಬರೆಯಲಿ, ಉಳಿದವರು ನಕ್ಷೆಯನ್ನು ಎಳೆಯಲಿ. ಅಷ್ಟೇ ಅಲ್ಲದೆ, ಯಂತ್ರದ ಮುಂದೆ ಸುಮ್ಮನೆ ಕುಳಿತು ನೋಡುವವನು ಅದರ ದಾಸನಾಗುತ್ತಾನೆ. ಅದನ್ನು ಪ್ರಶ್ನಿಸಿ ಅಳೆಯುವವನು ಅದರ ಒಡೆಯನಾಗುತ್ತಾನೆ. ಗಣಕವೇ ಇಲ್ಲದ ಶಾಲೆಗಳು ಏನು ಮಾಡಬೇಕೆಂದು ಕೆಲವರು ಕೇಳಬಹುದು. ಇದು ಪ್ರಯೋಗಕ್ಕೆ ವಿರುದ್ಧವಾದ ವಾದವಲ್ಲ. ಅಂತಹ ಶಾಲೆಗಳಿಗೆ ಗಣಕವನ್ನು ಒದಗಿಸಬೇಕೆಂಬ ವಾದ.

ಈ ವಿಷಯ ಶಾಲೆಯ ಗೋಡೆಗಳೊಳಗೆ ಮುಗಿಯುವುದೂ ಇಲ್ಲ. ೨೦೨೦ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಜಾಲದ ಮೂಲಕವೇ ನಡೆದವು. ಆಗ ಮಲೆನಾಡಿನ ಮತ್ತು ಕರಾವಳಿಯ ಎಷ್ಟೋ ಮಕ್ಕಳು ಸಂಕೇತವನ್ನು ಅರಸಿ ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳಿದರು. ಪಟ್ಟಣದ ಮಗುವಿಗೆ ಮನೆಯೊಳಗೇ ದೊರೆತ ಪಾಠ ಹಳ್ಳಿಯ ಮಗುವಿಗೆ ಗುಡ್ಡದ ನೆತ್ತಿಯಲ್ಲಿ ದೊರೆಯಿತು, ಅಥವಾ ದೊರೆಯಲೇ ಇಲ್ಲ. ಇಂದು ವಿದ್ಯಾರ್ಥಿವೇತನದ ಅರ್ಜಿಯಿಂದ ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಜಾಲದ ಮೂಲಕವೇ ಬರುತ್ತಿರುವುದರಿಂದ, ಜಾಲದ ವೇಗವು ರಸ್ತೆ, ಕುಡಿಯುವ ನೀರುಗಳಂತೆ ಸಮಾನತೆಯ ಪ್ರಶ್ನೆಯೇ ಆಗಿದೆ.

ಅಂತಹ ಪ್ರಶ್ನೆಯನ್ನು ಕೇಳಬೇಕಾದರೆ ಕೈಯಲ್ಲಿ ಅಂಕಿಯಿರಬೇಕು. ಭಾರತ ಸರ್ಕಾರವು ೨೦೨೩ರ ಜನವರಿಯಲ್ಲಿ, ‘ಬ್ರಾಡ್‌ಬ್ಯಾಂಡ್’ ಎಂದು ಕರೆಸಿಕೊಳ್ಳುವ ಸಂಪರ್ಕಕ್ಕೆ ಸೆಕೆಂಡಿಗೆ ಕನಿಷ್ಠ ೨ ಮೆಗಾಬಿಟ್ ವೇಗವಿರಬೇಕೆಂದು ಗೊತ್ತುಮಾಡಿತು; ಅದಕ್ಕೆ ಮೊದಲು ಆ ಮಿತಿ ೫೧೨ ಕಿಲೋಬಿಟ್ ಆಗಿತ್ತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೬ರಲ್ಲಿ, ಜನರು ತಮ್ಮ ಮೊಬೈಲಿನ ವೇಗವನ್ನು ಅಳೆದು ತಿಳಿಸಲು ‘ಮೈಸ್ಪೀಡ್’ ಎಂಬ ಸಾಧನವನ್ನು ಹೊರತಂದಿತು. ಕಾನೂನು ಒಂದು ಅಂಕಿಯನ್ನು ಹೇಳಿರುವಾಗ, ನಾಗರಿಕನೂ ಒಂದು ಅಂಕಿಯೊಡನೆ ಮಾತನಾಡಬೇಕು. “ನಮ್ಮೂರಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ” ಎಂಬುದು ಗೊಣಗಾಟ. “ಒಂದು ವಾರ ಪ್ರತಿದಿನ ಮೂರು ಹೊತ್ತು, ಐದು ಸ್ಥಳಗಳಲ್ಲಿ ಅಳೆದೆವು, ಸಂಜೆಯ ಮಧ್ಯಾಂಕ ೧ ಮೆಗಾಬಿಟ್ಟನ್ನೂ ಮುಟ್ಟಲಿಲ್ಲ” ಎಂಬುದು ಅರ್ಜಿ. ಗೊಣಗಾಟವನ್ನು ಯಾರಾದರೂ ತಳ್ಳಿಹಾಕಬಹುದು. ಅಳತೆಯನ್ನು ತಳ್ಳಿಹಾಕಬೇಕಾದರೆ ಎದುರಾಳಿಯೂ ಅಳೆಯಬೇಕಾಗುತ್ತದೆ. ಅಳೆದಾಗ ದೋಷವು ಹೊರಗಿನದಲ್ಲ, ರೂಟರನ್ನು ಉಕ್ಕಿನ ಬೀರುವಿನ ಹಿಂದೆ ಇರಿಸಿದ ನಮ್ಮದೇ ಎಂದು ತಿಳಿದುಬಂದರೂ ಲಾಭವೇ. ಅದನ್ನು ಸರಿಪಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ವಿದ್ಯಾರ್ಥಿಗಳು ಮುಂದೆ ವೈದ್ಯರಾಗಬಹುದು, ರೈತರಾಗಬಹುದು, ಗ್ರಾಮ ಪಂಚಾಯಿತಿಯ ಸದಸ್ಯರಾಗಬಹುದು. ಇಂದಿನ ರೂಟರುಗಳು ಆಗ ಗುಜರಿ ಸೇರಿರುತ್ತವೆ. ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಅಂಕಿಗಳು ಮರೆತುಹೋಗಿರುತ್ತವೆ. ಆದರೆ ಆಡುವ ಮುನ್ನ ಅಳೆಯುವುದು, ಅಳೆಯುವ ಮುನ್ನ ಮಾನವನ್ನು ತಿಳಿಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಒಲ್ಲದ ಅಂಕಿಯನ್ನೂ ಉಳಿಸಿಕೊಳ್ಳುವುದು - ಈ ಅಭ್ಯಾಸಗಳು ಹಳತಾಗುವುದಿಲ್ಲ. ಜಮೀನಿನ ಮಣ್ಣಿಗೂ, ಊರಿನ ಕೆರೆಯ ನೀರಿಗೂ, ಆಸ್ಪತ್ರೆಯ ಔಷಧಕ್ಕೂ ಅವು ಸಲ್ಲುತ್ತವೆ. ಸೀಮೆಸುಣ್ಣದ ನಾಲ್ಕು ಗುರುತುಗಳಿಂದಲೂ ಒಂದು ನಿಲುಗಡಿಯಾರದಿಂದಲೂ ಇಷ್ಟನ್ನು ಕಲಿಯಲು ಸಾಧ್ಯವಿರುವಾಗ, ಅಂತಹ ಪ್ರಯೋಗವನ್ನು ನಮ್ಮ ಶಾಲೆಗಳು ಕೈಬಿಡಬಾರದು.